ಹಾಳಾದ ಕೂದಲಿಗೆ ಮೃದುವಾಗಿ ಬಣ್ಣ ಹಚ್ಚುವ ಬಗೆ: ಗೋರಂಟಿ, ನೀಲಿ, ಡೈ ಮತ್ತು ಆಮೇಲಿನ ಆರೈಕೆ

ಹಲವು ವರ್ಷ ಡೈ ಹಚ್ಚಿಕೊಂಡ, ನಡುವೆ ಒಂದೆರಡು ಬಾರಿ ಸ್ಟ್ರೇಟ್ನಿಂಗ್ ಮಾಡಿಸಿಕೊಂಡ, ಬೋರ್‌ವೆಲ್‌ನ ಗಡಸು ನೀರಿನಲ್ಲೇ ತೊಳೆದುಕೊಂಡು ಬಂದ ಕೂದಲು ಒಂದು ಹಂತ ದಾಟಿದ ಮೇಲೆ ಬಣ್ಣವನ್ನೂ ಹಿಡಿದಿಟ್ಟುಕೊಳ್ಳುವುದಿಲ್ಲ, ಬಾಚಣಿಗೆಯನ್ನೂ ತಾಳಿಕೊಳ್ಳುವುದಿಲ್ಲ. ಎರಡು ವಾರದಲ್ಲೇ ಬಣ್ಣ ಕೆಂಪಗೆ ಮಾಸಿತೆಂದು ಮತ್ತೆ ಹಚ್ಚುತ್ತೇವೆ. ಮತ್ತೆ ಹಚ್ಚಿದ್ದರಿಂದಲೇ ಮುಂದಿನ ಸಲ ಇನ್ನೂ ಬೇಗ ಮಾಸುತ್ತದೆ. ಈ ಸುತ್ತಿನಿಂದ ಹೊರಬರಲು ಹೆಚ್ಚಿನವರು ಮಾಡುವ ಮೊದಲ ಕೆಲಸವೆಂದರೆ ‘ಅಮೋನಿಯಾ ಇಲ್ಲ’ ಎಂದೋ ‘ಹರ್ಬಲ್’ ಎಂದೋ ಬರೆದ ಹೊಸ ಪೊಟ್ಟಣ ಕೊಳ್ಳುವುದು. ಪೊಟ್ಟಣ ಬದಲಿಸುವುದಕ್ಕಿಂತ ಹೆಚ್ಚಿನ ಫಲ ಕೊಡುವುದು ಬಣ್ಣವನ್ನು ಎಲ್ಲೆಲ್ಲಿ ಹಚ್ಚಬಾರದು ಎಂಬ ನಿರ್ಧಾರ. ಒಮ್ಮೆ ಬಣ್ಣ ಕಂಡ ಉದ್ದಕ್ಕೆ ಮತ್ತೆ ರಾಸಾಯನಿಕ ತಾಗಿಸದೆ, ಹೊಸದಾಗಿ ಬೆಳೆದ ಬುಡಕ್ಕೆ ಮಾತ್ರ, ಕೆಲಸಕ್ಕೆ ಸಾಲುವಷ್ಟೇ ಸೌಮ್ಯವಾದ ವಿಧಾನದಲ್ಲಿ ಬಣ್ಣ ಕೊಡುವುದು ಹೇಗೆ ಎಂಬುದೇ ಇಲ್ಲಿನ ವಿಷಯ. ಕಪ್ಪು ಕೂದಲನ್ನು ಬ್ಲೀಚ್ ಮಾಡಿ ತಿಳಿಬಣ್ಣಕ್ಕೆ ತರುವ ದಾರಿಯನ್ನು ಇಲ್ಲಿ ಕೊಟ್ಟಿಲ್ಲ. ಈಗಾಗಲೇ ಹಾಳಾದ ಕೂದಲಿಗೆ ಅಂಥ ಸೌಮ್ಯ ದಾರಿಯೇ ಇಲ್ಲ.

ಹಾನಿ ಆಗುವುದು ಎಲ್ಲಿ

ಕೂದಲಿನ ಎಳೆಯ ಹೊರಮೈಯಲ್ಲಿ ಒಂದರ ಮೇಲೊಂದು ಅರ್ಧ ಸರಿದು ಕೂತ ಪೊರೆಗಳಿರುತ್ತವೆ, ಹೆಂಚು ಹೊದಿಸಿದ ಮಾಡಿನ ಹಾಗೆ. ಈ ಪೊರೆಗಳ ಮೇಲೆ ಹುಟ್ಟಿನಿಂದಲೇ ಬಂದ ಜಿಡ್ಡಿನ ತೆಳುವಾದ ಲೇಪವೊಂದಿದ್ದು, ನೀರು ಬೇಗ ಒಳನುಗ್ಗದಂತೆ ತಡೆಯುವುದೂ ಬೆರಳಿಗೆ ನುಣುಪು ತೋರುವುದೂ ಅದೇ. ಕಾಯಂ ಡೈಯಲ್ಲಿರುವ ಕ್ಷಾರವು, ಅದು ಅಮೋನಿಯಾ ಇರಲಿ, ಅದರ ಬದಲಿಗೆ ಬಳಸುವ ಎಥನಾಲಮೈನ್ ಇರಲಿ, ಎಳೆಯನ್ನು ಉಬ್ಬಿಸಿ ಪೊರೆಗಳನ್ನು ಎಬ್ಬಿಸುತ್ತದೆ. ಹೈಡ್ರೋಜನ್ ಪೆರಾಕ್ಸೈಡ್ ಒಳಗಿನ ಮೆಲನಿನ್ ಎಂಬ ಸಹಜ ಬಣ್ಣವನ್ನು ಒಡೆಯುತ್ತದೆ, ಮತ್ತು ಪಿಪಿಡಿ (ಪ್ಯಾರಾ-ಫಿನೈಲೀನ್‌ಡೈಅಮೈನ್) ಎಂಬ ಡೈಯ ಮೂಲವಸ್ತುವಿನಂಥ ಸಣ್ಣ ಅಣುಗಳನ್ನು ಅಲ್ಲೇ ಬೆಸೆದು ಹೊರಬರಲಾಗದಷ್ಟು ದೊಡ್ಡ ಬಣ್ಣದ ಅಣುಗಳನ್ನಾಗಿ ಮಾಡುತ್ತದೆ. ಈ ಕೆಲಸ ನಡೆಯುವಾಗ ಮೇಲಿನ ಜಿಡ್ಡಿನ ಲೇಪ ಕಿತ್ತುಹೋಗುತ್ತದೆ. ಕೂದಲಿಗೆ ಬಲ ಕೊಡುವ ಗಂಧಕದ ಕೊಂಡಿಗಳಲ್ಲಿ ಒಂದಷ್ಟು ಮುರಿಯುತ್ತವೆ.

ಚರ್ಮದ ಮೇಲಿನ ಗಾಯ ಮಾಯುವಂತೆ ಕೂದಲು ಮಾಯುವುದಿಲ್ಲ. ತಲೆಯಿಂದ ಹೊರಬಂದ ಎಳೆಯಲ್ಲಿ ಜೀವಕೋಶಗಳು ಬದುಕಿರುವುದಿಲ್ಲವಾದ್ದರಿಂದ ಆದ ಹಾನಿ ತುದಿ ಕತ್ತರಿಸುವವರೆಗೂ ಅಲ್ಲೇ ಇರುತ್ತದೆ, ಮೇಲಿಂದ ಮೇಲೆ ಕೂಡುತ್ತಲೂ ಹೋಗುತ್ತದೆ. ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ. ಎಂದರೆ 30 ಸೆಂಟಿಮೀಟರ್ ಉದ್ದದ ಕೂದಲಿನ ತುದಿಗೆ ಎರಡೂವರೆ ವರ್ಷ ವಯಸ್ಸು. ತಿಂಗಳಿಗೊಮ್ಮೆ ತಲೆಪೂರ್ತಿ ಡೈ ಬಳಿದುಕೊಳ್ಳುವವರಲ್ಲಿ ಆ ತುದಿ ಹತ್ತಿರಹತ್ತಿರ 30 ಸಲ ಪೆರಾಕ್ಸೈಡ್ ಕಂಡಿರುತ್ತದೆ, ಬುಡ ಒಂದೇ ಸಲ. ಬುಡ ನುಣುಪಾಗಿದ್ದು ತುದಿ ಮಾತ್ರ ಒರಟಾಗಿರುವುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ.

ಮೊದಲ ಹಂತ: ಕೂದಲಿನ ಸ್ಥಿತಿ ನೋಡಿಕೊಳ್ಳುವುದು

ತಲೆ ತೊಳೆದ ಮೇಲೆ ಬಾಚಣಿಗೆಗೆ ಬಂದ ಒಂದು ಒದ್ದೆ ಎಳೆಯನ್ನು ತೆಗೆದುಕೊಂಡು, ಎರಡು ಬೆರಳಿನಷ್ಟು ಅಗಲದ ಭಾಗವನ್ನು ಎರಡೂ ಕೈಯ ಉಗುರುಗಳ ನಡುವೆ ಹಿಡಿದು, ನಿಧಾನವಾಗಿ ಎಳೆಯಿರಿ. ಆರೋಗ್ಯವಂತ ಒದ್ದೆ ಕೂದಲು ತನ್ನ ಉದ್ದದ ಕಾಲು ಭಾಗಕ್ಕಿಂತ ತುಸು ಹೆಚ್ಚು ಹಿಗ್ಗಿ, ಬಿಟ್ಟೊಡನೆ ಮೊದಲಿನ ಉದ್ದಕ್ಕೆ ಮರಳುತ್ತದೆ. ಹಿಗ್ಗುತ್ತಲೇ ಹೋಗಿ ಮರಳದೆ ಜೋತುಬಿದ್ದರೆ, ಇಲ್ಲವೇ ಹಿಗ್ಗುವ ಮೊದಲೇ ಟಕ್ಕನೆ ತುಂಡಾದರೆ, ಆ ಭಾಗಕ್ಕೆ ಪೆರಾಕ್ಸೈಡ್ ಇರುವ ಯಾವ ಬಣ್ಣವೂ ಸದ್ಯಕ್ಕೆ ಬೇಡ. ಈ ಪರೀಕ್ಷೆಯನ್ನು ಬುಡ, ನಡು, ತುದಿ ಮೂರೂ ಕಡೆ ಮಾಡಬೇಕು, ಏಕೆಂದರೆ ಒಂದೇ ಎಳೆಯಲ್ಲಿ ಮೂರು ಬಗೆಯ ಉತ್ತರ ಬರುವುದು ಸಾಮಾನ್ಯ. ಕೂದಲನ್ನು ಲೋಟದ ನೀರಿಗೆ ಹಾಕಿ ತೇಲುತ್ತದೋ ಮುಳುಗುತ್ತದೋ ನೋಡುವ ಪರೀಕ್ಷೆಯನ್ನು ಹಲವರು ಹೇಳಿಕೊಡುತ್ತಾರೆ. ಎಳೆಗೆ ಅಂಟಿದ ಎಣ್ಣೆ, ಕಂಡೀಷನರ್, ಗಾಳಿಯ ಗುಳ್ಳೆ ಎಲ್ಲವೂ ಅದರ ಫಲಿತಾಂಶವನ್ನು ಬದಲಿಸುವುದರಿಂದ ಅದನ್ನು ನಂಬುವಂತಿಲ್ಲ.

ಉದುರಿದ ಕೂದಲನ್ನೂ ಬೆಳಕಿಗೆ ಹಿಡಿದು ನೋಡಿ. ಒಂದು ತುದಿಯಲ್ಲಿ ಬಿಳಿಯ ಸಣ್ಣ ಗುಬುಟಿದ್ದರೆ ಅದು ಬುಡದಿಂದಲೇ ಬಿದ್ದ ಕೂದಲು. ದಿನಕ್ಕೆ 50ರಿಂದ 100 ಹಾಗೆ ಬೀಳುವುದು ಸಹಜ. ಅದಕ್ಕಿಂತ ಬಹಳ ಹೆಚ್ಚಿದ್ದರೆ ಥೈರಾಯ್ಡ್, ಕಬ್ಬಿಣಾಂಶದ ಕೊರತೆ, ಜ್ವರ, ಹೆರಿಗೆ ಮುಂತಾದ ಕಾರಣಗಳನ್ನು ವೈದ್ಯರ ಬಳಿ ಪರಿಶೀಲಿಸಬೇಕೇ ಹೊರತು ಎಣ್ಣೆ ಬದಲಿಸುವುದರಿಂದ ಅದು ನಿಲ್ಲದು. ಗುಬುಟಿಲ್ಲದೆ ಗಿಡ್ಡ ತುಂಡುಗಳೇ ಬೀಳುತ್ತಿದ್ದರೆ ಎಳೆ ನಡುವೆ ಮುರಿಯುತ್ತಿದೆ ಎಂದರ್ಥ, ಮುಂದೆ ಹೇಳುವ ಆರೈಕೆ ಅದಕ್ಕೇ.

ಕಳೆದ ಎರಡು ಮೂರು ವರ್ಷಗಳಲ್ಲಿ ತಲೆಗೆ ಏನೇನು ಹಚ್ಚಿದ್ದೀರಿ ಎಂದು ಬರೆದಿಟ್ಟುಕೊಳ್ಳುವುದೂ ಒಳ್ಳೆಯದು. ಹೆಸರಿಲ್ಲದ ‘ಕಪ್ಪು ಮೆಹಂದಿ’ಯ ಪುಡಿ ಹಚ್ಚಿದ್ದರೆ ಅದನ್ನಂತೂ ಮರೆಯದೆ ಬರೆಯಿರಿ. ಕೆಲವು ಪುಡಿಗಳಲ್ಲಿ ಲೋಹದ ಲವಣಗಳಿರುತ್ತವೆ. ಅವು ಕೂದಲಲ್ಲಿ ಉಳಿದಿರುವಾಗ ಪೆರಾಕ್ಸೈಡ್ ತಾಗಿದರೆ ಎಳೆ ಬಿಸಿಯಾಗಿ ಸುಟ್ಟಂತಾಗುವುದುಂಟು.

ಎರಡನೆಯ ಹಂತ: ಬಣ್ಣಕ್ಕೆ ಮುಂಚಿನ ಒಂದು ತಿಂಗಳು

ಹಾಳಾದ ಕೂದಲಿಗೆ ಬಣ್ಣ ಹಚ್ಚುವ ಮೊದಲು ನಾಲ್ಕರಿಂದ ಆರು ವಾರ ಬಿಡುವು ಕೊಡುವುದು ಉತ್ತಮ. ಅಷ್ಟರಲ್ಲಿ ಬುಡದಲ್ಲಿ ಒಂದು ಸೆಂಟಿಮೀಟರಿಗೂ ಮಿಕ್ಕಿ ಹೊಸ ಕೂದಲು ಬಂದಿರುತ್ತದೆ. ಆ ಹೊಸ ಕೂದಲೇ ನಿಮ್ಮ ಕೆಲಸದ ಜಾಗ. ಸ್ಟ್ರೇಟ್ನಿಂಗ್, ಸ್ಮೂದನಿಂಗ್ ಮಾಡಿಸಿದ್ದರೆ ಕನಿಷ್ಠ ಎರಡು ವಾರ ದಾಟದೆ ಬಣ್ಣದ ಮಾತೆತ್ತಬಾರದು. ಒಂದೇ ದಿನ ಎರಡನ್ನೂ ಮಾಡಿಕೊಡುತ್ತೇವೆಂದು ಪಾರ್ಲರ್‌ನಲ್ಲಿ ರಿಯಾಯಿತಿ ತೋರಿಸಿದರೂ ಒಪ್ಪದಿರುವುದೇ ಲೇಸು.

ಸೀಳಿದ ತುದಿಯನ್ನು ಎರಡು ಮೂರು ಸೆಂಟಿಮೀಟರ್ ಕತ್ತರಿಸಿಬಿಡಿ, ಸೀಳನ್ನು ಅಂಟಿಸಿ ಕೂಡಿಸುವ ಸೀರಮ್‌ಗಳ ಪ್ರಭಾವ ಮುಂದಿನ ಸ್ನಾನದವರೆಗೆ ಮಾತ್ರ. ವಾರಕ್ಕೊಮ್ಮೆ ಶಾಂಪೂವಿಗೆ ಮುಂಚೆ ತೆಂಗಿನೆಣ್ಣೆಯನ್ನು ಕೂದಲಿನ ಉದ್ದಕ್ಕೆ, ತಲೆಗಲ್ಲ, ತೆಳುವಾಗಿ ಸವರಿ ಎರಡು ಗಂಟೆ ಅಥವಾ ರಾತ್ರಿಯಿಡೀ ಬಿಡಬಹುದು. ತೆಂಗಿನೆಣ್ಣೆಯಲ್ಲಿ ಹೆಚ್ಚಾಗಿರುವ ಲಾರಿಕ್ ಆಮ್ಲದ ಅಣು ಚಿಕ್ಕದೂ ನೇರವೂ ಆಗಿರುವುದರಿಂದ ಎಳೆಯ ಒಳಗೆ ಇಳಿಯುತ್ತದೆ. ತೊಳೆಯುವಾಗ ಕೂದಲಿನಿಂದ ಸೋರುವ ಪ್ರೋಟೀನನ್ನು ಅದು ಕಡಿಮೆ ಮಾಡುತ್ತದೆಂದೂ, ಸೂರ್ಯಕಾಂತಿ ಎಣ್ಣೆಗಾಗಲಿ ಖನಿಜ ತೈಲಕ್ಕಾಗಲಿ ಆ ಗುಣ ಕಾಣಲಿಲ್ಲವೆಂದೂ 2003ರಲ್ಲಿ ಪ್ರಕಟವಾದ ಮುಂಬೈಯ ಅಧ್ಯಯನವೊಂದು ತೋರಿಸಿತು. ಆ ಅಧ್ಯಯನ ತೆಂಗಿನೆಣ್ಣೆ ಮಾರುವ ಕಂಪನಿಯ ಪ್ರಯೋಗಾಲಯದ್ದೇ ಎಂಬುದು ಓದುಗರಿಗೆ ಗೊತ್ತಿರಬೇಕು. ಹಾಗಿದ್ದರೂ ಅದು ಕೊಡುವ ವಿವರಣೆ ಸಮಂಜಸವಾಗಿದೆ, ಖರ್ಚೂ ಕಡಿಮೆ.

ಮೊಟ್ಟೆಯ ಲೇಪದ ಬಗ್ಗೆ ಅಷ್ಟು ಹೇಳಲಾರೆ. ಮೊಟ್ಟೆಯ ಪ್ರೋಟೀನಿನ ಅಣುಗಳು ಕೂದಲಿನೊಳಗೆ ಹೋಗಲಾರದಷ್ಟು ದೊಡ್ಡವು. ಅವು ಮೇಲೆ ಕೂತು ಒಣಗಿ, ಬಿಸಿ ನೀರು ತಾಗಿದರೆ ಬೆಂದು, ಮತ್ತೆ ಸಿಕ್ಕು ಬಿಡಿಸುವ ಕೆಲಸ ಹೆಚ್ಚಿಸುತ್ತವೆ. ಪ್ರೋಟೀನ್ ಬೇಕೆಂದಾದರೆ ‘ಹೈಡ್ರೊಲೈಸ್ಡ್’ ಎಂದು ನಮೂದಿಸಿದ, ಎಂದರೆ ಸಣ್ಣ ತುಣುಕುಗಳಾಗಿ ಒಡೆದ ಪ್ರೋಟೀನ್ ಇರುವ ಹೇರ್ ಮಾಸ್ಕ್ ಹದಿನೈದು ದಿನಕ್ಕೊಮ್ಮೆ ಸಾಕು. ಅತಿಯಾದರೆ ಕೂದಲು ಬಿರುಸಾಗುತ್ತದೆ. ಉಳಿದ ಪ್ರತಿ ಸ್ನಾನದಲ್ಲೂ ಸಾಧಾರಣ ಕಂಡೀಷನರನ್ನು ನಡುವಿನಿಂದ ತುದಿಯವರೆಗೆ ಹಚ್ಚಿ ಮೂರು ನಿಮಿಷ ಬಿಡುವುದು ಕಡ್ಡಾಯವೆಂದೇ ತಿಳಿಯಿರಿ. ದಾಸವಾಳದ ಎಲೆಯನ್ನು ನೀರಿನಲ್ಲಿ ಕಿವುಚಿ ಬಟ್ಟೆಯಲ್ಲಿ ಸೋಸಿ ತೆಗೆದ ಲೋಳೆ ಸಿಕ್ಕು ಬಿಡಿಸಲು ಬಹಳ ಒಳ್ಳೆಯದು. ಸೋಸದೆ ಹಚ್ಚಿದರೆ ಎಲೆಯ ಚೂರುಗಳನ್ನು ಆಯುವುದರಲ್ಲೇ ಇನ್ನಷ್ಟು ಕೂದಲು ಹರಿಯುತ್ತದೆ.

ಮೂರನೆಯ ಹಂತ: ಯಾವ ಬಣ್ಣ

ಬಿಳಿಕೂದಲು ನೂರಕ್ಕೆ ಹತ್ತಿಪ್ಪತ್ತು ಮಾತ್ರ ಇದ್ದು, ಅದನ್ನು ಪೂರ್ತಿ ಮುಚ್ಚಲೇಬೇಕೆಂಬ ಹಟ ಇಲ್ಲದಿದ್ದರೆ, ಪೆರಾಕ್ಸೈಡ್ ಬೆರೆಸಬೇಕಿಲ್ಲದ ಸೆಮಿ ಪರ್ಮನೆಂಟ್ ಬಣ್ಣ ಸಾಕು. ಸಿದ್ಧ ಬಣ್ಣದ ಅಣುಗಳು ಕೂದಲಿನ ಹೊರಪದರದಲ್ಲಿ ಕೂತು ಆರರಿಂದ ಹನ್ನೆರಡು ತೊಳೆತಗಳಲ್ಲಿ ಮೆಲ್ಲಗೆ ಬಿಟ್ಟುಹೋಗುತ್ತವೆ. ದಿಂಬಿನ ಚೀಲಕ್ಕೆ ಕಲೆಯಾಗುವುದು, ಮಳೆಯಲ್ಲಿ ನೆನೆದರೆ ಕುತ್ತಿಗೆಗೆ ಇಳಿಯುವುದು ಇದರ ತೊಂದರೆ. ಹಾಳಾದ ಉದ್ದಕ್ಕೆ ಬಣ್ಣ ಕೊಡಲೇಬೇಕಾದಾಗ ನಾನು ಒಪ್ಪುವ ಏಕೈಕ ವಿಧಾನವೂ ಇದೇ.

ಅದಕ್ಕಿಂತ ಹೆಚ್ಚು ನರೆತಿದ್ದರೆ ಎರಡು ದಾರಿ. ಒಂದು, ಶುದ್ಧ ಗೋರಂಟಿ ಮತ್ತು ನೀಲಿ (ಇಂಡಿಗೋ) ಗಿಡದ ಎಲೆಯ ಪುಡಿ: ಪೆರಾಕ್ಸೈಡ್ ಇಲ್ಲ, ಕೂದಲಿನ ಸಹಜ ಬಣ್ಣ ಒಡೆಯುವುದಿಲ್ಲ, ಆದರೆ ಅರ್ಧ ದಿನ ಹಿಡಿಯುತ್ತದೆ, ಮತ್ತು ಒಮ್ಮೆ ಹತ್ತಿದ ಬಣ್ಣವನ್ನು ತೆಗೆಯುವುದು ಕಷ್ಟ. ನೀಲಿ ಹತ್ತಿದ ಕೂದಲನ್ನು ಮುಂದೆಂದಾದರೂ ಬ್ಲೀಚ್ ಮಾಡಿದರೆ ಹಸಿರು ಛಾಯೆ ಏಳುವುದುಂಟು. ಇನ್ನೊಂದು, ಡೆಮಿ ಪರ್ಮನೆಂಟ್ ಡೈ: ಕ್ಷಾರ ಕಡಿಮೆ, ಡೆವಲಪರ್ (ಡೈಗೆ ಬೆರೆಸುವ ಪೆರಾಕ್ಸೈಡ್ ದ್ರಾವಣ) ಸಾಮಾನ್ಯವಾಗಿ 10 ವಾಲ್ಯೂಮ್ ಅಥವಾ ಅದಕ್ಕೂ ಕಡಿಮೆ, ಎಂದರೆ ಪೆರಾಕ್ಸೈಡ್ 3% ಆಸುಪಾಸು. ಇಷ್ಟಕ್ಕೂ ಬಗ್ಗದ ಮುಂದಲೆಯ ಬಿಳಿಗೆ ಮಾತ್ರ 20 ವಾಲ್ಯೂಮಿನ, ಅಂದರೆ 6% ಪೆರಾಕ್ಸೈಡಿನ ಕಾಯಂ ಡೈ, ಅದೂ ಬುಡಕ್ಕೆ. ಕಪ್ಪು ಮತ್ತು ಕಡುಕಂದು ಬಣ್ಣಕ್ಕೆ 30 ಅಥವಾ 40 ವಾಲ್ಯೂಮ್ ಬೇಕಾಗುವ ಸಂದರ್ಭವೇ ಇಲ್ಲ.

ಪೊಟ್ಟಣದ ಹಿಂಬದಿ

‘ಅಮೋನಿಯಾ ಇಲ್ಲ’ ಎಂದರೆ ಮೂಗಿಗೆ ಹೊಡೆಯುವ ವಾಸನೆ ಇಲ್ಲ ಎಂದಷ್ಟೇ ತಿಳಿಯುವುದು ಕ್ಷೇಮ. ಅದರ ಬದಲಿಗೆ ಬಂದ ಎಥನಾಲಮೈನ್ ಆವಿಯಾಗಿ ಹೋಗುವುದಿಲ್ಲ, ಕೂದಲ ಮೇಲೆ ಉಳಿದು ಕೆಲಸ ಮುಂದುವರಿಸುತ್ತದೆ. ಪೆರಾಕ್ಸೈಡ್ ಹೇಗೂ ಇದ್ದೇ ಇದೆ. ‘ಹರ್ಬಲ್’ ಎಂದು ಎಲೆಯ ಚಿತ್ರ ಹಾಕಿದ ಪುಡಿಯ ಹಿಂದೆ ಪಿಪಿಡಿ, ಬೇರಿಯಂ ಪೆರಾಕ್ಸೈಡ್, ಸೋಡಿಯಂ ಪಿಕ್ರಮೇಟ್ ಎಂಬ ಹೆಸರುಗಳಿದ್ದರೆ ಅದು ಗೋರಂಟಿ ಬೆರೆಸಿದ ಡೈಯೇ. ನೀರಿಗೆ ಕಲಸಿದ ಅರ್ಧ ಗಂಟೆಯಲ್ಲಿ ಕೂದಲನ್ನು ಅಚ್ಚಗಪ್ಪು ಮಾಡುವ ಒಂಟಿ ಪುಡಿ ಯಾವುದೂ ಬರೀ ಎಲೆಯದ್ದಲ್ಲ. ಶುದ್ಧ ಪುಡಿಯ ಪಟ್ಟಿಯಲ್ಲಿ ಲಾಸೋನಿಯಾ ಇನರ್ಮಿಸ್ ಎಂಬ ಒಂದೇ ಹೆಸರಿರಬೇಕು, ನೀಲಿಯಲ್ಲಿ ಇಂಡಿಗೋಫೆರಾ ಟಿಂಕ್ಟೋರಿಯಾ ಎಂದಿರಬೇಕು. ರಾಜಸ್ಥಾನದ ಪಾಲಿ ಜಿಲ್ಲೆಯ ಸೋಜತ್‌ನ ಗೋರಂಟಿಗೆ 2021ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ಆದರೆ ಸೋಜತ್ ಎಂಬ ಹೆಸರೊಂದನ್ನೇ ನೋಡಿ ಕೊಳ್ಳದೆ, ಪದಾರ್ಥಗಳ ಪಟ್ಟಿಯನ್ನು ಓದಿಯೇ ಕೊಳ್ಳಬೇಕು. ಪುಡಿ ವಸ್ತ್ರಗಾಳಿತದಷ್ಟು ನಯವಾಗಿರಲಿ. ಹಿತ್ತಲಿನ ಗೋರಂಟಿಯ ಹಸಿ ಎಲೆ ಅಂಗೈಗೆ ಚೆನ್ನ, ಆದರೆ ಎಷ್ಟು ರುಬ್ಬಿದರೂ ಅದರ ನಾರು ಒರಟು ಕೂದಲಿನಿಂದ ಬಿಡುವುದಿಲ್ಲ.

ನಾಲ್ಕನೆಯ ಹಂತ: 48 ಗಂಟೆಯ ಪರೀಕ್ಷೆ

ಹಚ್ಚಬೇಕೆಂದಿರುವ ಬಣ್ಣವನ್ನು ಪೊಟ್ಟಣದ ಸೂಚನೆಯಂತೆ ಚೂರು ಕಲಸಿ ಕಿವಿಯ ಹಿಂದೆ ಅಥವಾ ಮೊಣಕೈಯ ಒಳಮಡಿಕೆಯಲ್ಲಿ ಹಚ್ಚಿ, 48 ಗಂಟೆ ಕಾಯಿರಿ. ಪಿಪಿಡಿಯ ಅಲರ್ಜಿ ಕೂಡಲೇ ಕಾಣಿಸದೆ ಒಂದೆರಡು ದಿನ ತಡವಾಗಿ ಏಳುವ ಬಗೆಯದಾದ್ದರಿಂದ ಅರ್ಧ ಗಂಟೆ ನೋಡಿ ‘ಏನೂ ಆಗಲಿಲ್ಲ’ ಎನ್ನುವುದರಲ್ಲಿ ಅರ್ಥವಿಲ್ಲ. ಹತ್ತು ವರ್ಷ ಅದೇ ಡೈ ಹಚ್ಚಿಕೊಂಡವರಿಗೂ ಹನ್ನೊಂದನೆಯ ವರ್ಷ ಅಲರ್ಜಿ ಹುಟ್ಟಬಹುದು. ಹಾಗಾಗಿ ಪ್ರತಿ ಸಲವೂ ಈ ಪರೀಕ್ಷೆ ಬೇಕು. ಜಾತ್ರೆಯಲ್ಲೋ ಪ್ರವಾಸದಲ್ಲೋ ಕೈಗೆ ‘ಕಪ್ಪು ಮೆಹಂದಿ’ಯ ಚಿತ್ತಾರ ಹಾಕಿಸಿಕೊಂಡು ಅಲ್ಲಿ ಗುಳ್ಳೆ ಎದ್ದಿದ್ದರೆ, ಪಿಪಿಡಿ ಇರುವ ಡೈಯನ್ನು ಪರೀಕ್ಷೆಗೂ ಹಚ್ಚದೆ ಮೊದಲು ಚರ್ಮವೈದ್ಯರನ್ನು ಕಾಣಬೇಕು.

ಜೊತೆಗೆ, ಬಾಚಣಿಗೆಗೆ ಬಂದ ಕೂದಲನ್ನು ಸಣ್ಣ ಕುಚ್ಚಾಗಿ ದಾರದಿಂದ ಕಟ್ಟಿ ಅದಕ್ಕೂ ಅದೇ ಬಣ್ಣ ಹಚ್ಚಿ ನೋಡಿ. ಬಣ್ಣ ಎಷ್ಟು ಹೊತ್ತಿಗೆ ಹತ್ತುತ್ತದೆ, ಒಣಗಿದ ಮೇಲೆ ಕೂದಲು ಎಷ್ಟು ಒರಟಾಗುತ್ತದೆ, ಲೋಹದ ಲವಣವಿದ್ದು ಬಿಸಿಯೇರುತ್ತದೆಯೇ, ಎಲ್ಲ ಅದರಲ್ಲೇ ಗೊತ್ತಾಗುತ್ತದೆ.

ಐದನೆಯ ಹಂತ: ಗೋರಂಟಿ ಮತ್ತು ನೀಲಿ

ಬುಡಕ್ಕೆ ಮಾತ್ರ ಹಚ್ಚುವುದಾದರೆ 50 ಗ್ರಾಂ ಗೋರಂಟಿ, 50 ಗ್ರಾಂ ನೀಲಿ ಪುಡಿ ಬಹುಪಾಲು ಜನರಿಗೆ ಸಾಲುತ್ತದೆ. ಹಿಂದಿನ ರಾತ್ರಿ ಗೋರಂಟಿಗೆ ಉಗುರುಬೆಚ್ಚನೆಯ ನೀರನ್ನು ಸ್ವಲ್ಪ ಸ್ವಲ್ಪವೇ ಸೇರಿಸಿ ಗಂಟಿಲ್ಲದಂತೆ ಗಟ್ಟಿ ಮೊಸರಿನ ಹದಕ್ಕೆ ಕಲಸಿ, ಗಾಜಿನ ಅಥವಾ ಪಿಂಗಾಣಿ ಬಟ್ಟಲಲ್ಲಿ ಮುಚ್ಚಿಡಿ. ಕಬ್ಬಿಣದ ಬಾಣಲೆಯಲ್ಲಿ ಚಹಾ ಡಿಕಾಕ್ಷನ್ ಹಾಕಿ ನೆನೆಸುವ ಹಳೆಯ ಪದ್ಧತಿಯಿಂದ ಬಣ್ಣ ಕಪ್ಪಿಗೆ ತಿರುಗುವುದು ನಿಜವೇ. ಆದರೆ ಹಾಗೆ ಕೂದಲಿಗೆ ಸೇರಿದ ಕಬ್ಬಿಣ, ಮುಂದೆಂದಾದರೂ ಪೆರಾಕ್ಸೈಡ್ ಡೈ ಹಚ್ಚಿದಾಗ ಹಾನಿಯನ್ನು ಹೆಚ್ಚಿಸುತ್ತದೆ. ನಿಂಬೆರಸ ಸುರಿಯುವುದೂ ಬೇಡ, ಒಂದು ಚಮಚ ಆದೀತು. ಹೆಚ್ಚಾದರೆ ಮೊದಲೇ ಒಣಗಿದ ಕೂದಲು ಇನ್ನೂ ಒಣಗುತ್ತದೆ. ಎಣ್ಣೆಯನ್ನಂತೂ ಬೆರೆಸಬೇಡಿ, ಅದು ಬಣ್ಣವನ್ನು ಕೂದಲಿಗೆ ತಾಗಗೊಡುವುದಿಲ್ಲ.

ಬೆಂಗಳೂರು, ಮೈಸೂರಿನ ಹವೆಯಲ್ಲಿ ಎಂಟರಿಂದ ಹನ್ನೆರಡು ಗಂಟೆ, ಬೇಸಿಗೆಯ ರಾಯಚೂರು, ಕಲಬುರಗಿಯಲ್ಲಿ ಅದರ ಅರ್ಧ ಹೊತ್ತಿಗೇ ಬಣ್ಣ ಬಿಡುತ್ತದೆ. ಗಡಿಯಾರಕ್ಕಿಂತ ಕಣ್ಣನ್ನು ನಂಬಿ: ಮೇಲ್ಪದರ ಕಂದಾಗಿ, ಚಮಚದಿಂದ ಕೆದಕಿದಾಗ ಒಳಗೆ ಇನ್ನೂ ಹಸಿರು ಕಾಣುತ್ತಿದ್ದರೆ, ಮತ್ತು ಅಂಗೈಗೆ ಇಟ್ಟ ಒಂದು ಚುಕ್ಕೆ ಐದು ನಿಮಿಷದಲ್ಲಿ ಕಿತ್ತಳೆ ಗುರುತು ಬಿಟ್ಟರೆ ಅದು ಸಿದ್ಧ. ಒಳಗೂ ಹೊರಗೂ ಪೂರ್ತಿ ಕಂದಾಗಿದ್ದರೆ ಹೊತ್ತು ಮೀರಿದೆ.

ಎಣ್ಣೆಯಿಲ್ಲದೆ ತೊಳೆದ, ತುಸು ತೇವವಿರುವ ಕೂದಲನ್ನು ನಾಲ್ಕು ಭಾಗ ಮಾಡಿ. ಉದ್ದಕ್ಕೆ ಕಂಡೀಷನರ್ ಹಚ್ಚಿ ಸಡಿಲವಾಗಿ ಜಡೆ ಹಾಕಿಬಿಟ್ಟರೆ ಗೋರಂಟಿ ಅಲ್ಲಿಗೆ ಹರಿದರೂ ಹತ್ತುವುದಿಲ್ಲ. ಕೈಗವಸು ಹಾಕಿ, ಬೈತಲೆಯಿಂದ ಬೈತಲೆಗೆ ಒಂದು ಸೆಂಟಿಮೀಟರ್ ಅಂತರವಿಟ್ಟು, ಬ್ರಷ್‌ನಿಂದ ಬುಡಕ್ಕೆ ದಪ್ಪಗೆ ಹಚ್ಚುತ್ತ ಬನ್ನಿ. ಬಿಳಿ ಹೆಚ್ಚಿರುವ ಮುಂದಲೆ, ಕಿವಿಯ ಪಕ್ಕದ ಭಾಗಗಳಿಗೆ ಮೊದಲ ಸರದಿ. ಪ್ಲಾಸ್ಟಿಕ್ ಟೋಪಿ ಹಾಕಿ ಎರಡರಿಂದ ಮೂರು ಗಂಟೆ ಬಿಡಿ. ಒಣಗಲು ಬಿಟ್ಟರೆ ಪುಡಿ ಕೂದಲಿಗೆ ಬಿಗಿದು, ತೆಗೆಯುವಾಗ ಎಳೆ ಹರಿಯುತ್ತದೆ. ಶೀತದ ಪ್ರಕೃತಿಯವರು ಬಿಸಿಲಿರುವ ಹೊತ್ತಿಗೆ ಇದನ್ನು ಮುಗಿಸುವಂತೆ ನೋಡಿಕೊಂಡರೆ ಸಾಕು. ತೊಳೆಯುವಾಗ ಉಜ್ಜಬೇಡಿ. ಬಕೆಟ್ ನೀರಿನಲ್ಲಿ ತಲೆ ಅದ್ದಿ ಅಲ್ಲಾಡಿಸಿ ಪುಡಿಯನ್ನು ಇಳಿಸಿ, ಶಾಂಪೂ ಇಲ್ಲದೆ ಮುಗಿಸಿ. ಈಗ ಬಿಳಿಕೂದಲು ಕಿತ್ತಳೆಯಾಗಿ ಹೊಳೆಯುತ್ತದೆ, ಗಾಬರಿ ಬೇಡ.

ನೀಲಿ ಪುಡಿಯ ಸ್ವಭಾವ ಗೋರಂಟಿಗೆ ತದ್ವಿರುದ್ಧ. ಅದನ್ನು ನೆನೆಸಿಡುವಂತಿಲ್ಲ, ಹುಳಿ ತಾಗಿಸುವಂತಿಲ್ಲ. ಉಗುರುಬೆಚ್ಚನೆಯ ನೀರಿನಲ್ಲಿ ಅರ್ಧ ಚಮಚ ಉಪ್ಪಿನೊಂದಿಗೆ ಕಲಸಿ ಹತ್ತು ಹದಿನೈದು ನಿಮಿಷ ಬಿಟ್ಟಾಗ, ಬಟಾಣಿ ಹಸಿರಿನ ಮೇಲೆ ಕಡುನೀಲಿಯ ತೆಳು ಕೆನೆ ಕಟ್ಟತೊಡಗುತ್ತದೆ. ಆ ಕ್ಷಣದಿಂದ ಬಣ್ಣ ಗಾಳಿಗೆ ಕಳೆದುಹೋಗುತ್ತಿರುತ್ತದೆ. ಇಪ್ಪತ್ತು ನಿಮಿಷದೊಳಗೆ ಹಚ್ಚಿ ಮುಗಿಸಬೇಕಾದ್ದರಿಂದ ಹಿಂದಲೆಗೆ ಮನೆಯವರ ಸಹಾಯ ತೆಗೆದುಕೊಳ್ಳಿ. ಗೋರಂಟಿ ಹತ್ತಿದ ಅದೇ ಬುಡಕ್ಕೆ ಹಚ್ಚಿ, ಟೋಪಿ ಹಾಕಿ, ಒಂದರಿಂದ ಒಂದೂವರೆ ಗಂಟೆ ಬಿಟ್ಟು ಬರೀ ನೀರಿನಲ್ಲಿ ತೊಳೆಯಿರಿ. ಮೊದಲು ಹಸಿರು ಮಿಶ್ರಿತ ಕಪ್ಪು ಕಂಡರೂ ಒಂದೆರಡು ದಿನದಲ್ಲಿ ಗಾಳಿಯ ಸಂಪರ್ಕದಿಂದ ಗಾಢವಾಗುತ್ತದೆ. ಅಲ್ಲಿಯವರೆಗೆ ಶಾಂಪೂ ಮುಟ್ಟಬೇಡಿ.

ಕಪ್ಪು ಬೇಡ, ಕಂದು ಸಾಕು ಎನ್ನುವವರು ಬಣ್ಣ ಬಿಟ್ಟ ಗೋರಂಟಿಗೆ ಆಗಷ್ಟೇ ಕಲಸಿದ ನೀಲಿಯನ್ನು ಸಮಪಾಲಿನಲ್ಲಿ, ಕಡುಕಂದಿಗೆ ಎರಡು ಪಾಲು, ಬೆರೆಸಿ ಒಂದೇ ಸಲಕ್ಕೆ ಹಚ್ಚಬಹುದು. ಗೋರಂಟಿ ಕೂದಲನ್ನು ‘ಕಂಡೀಷನ್’ ಮಾಡುತ್ತದೆಂಬ ನಂಬಿಕೆಯ ಬಗ್ಗೆ ಒಂದು ಮಾತು: ಅದರ ಬಣ್ಣದ ಅಣು ಕೆರಾಟಿನ್‌ಗೆ ಅಂಟಿ ಎಳೆಯನ್ನು ದಪ್ಪವೆನಿಸುವಂತೆ ಮಾಡುತ್ತದೆ, ಆದರೆ ಹಾಳಾದ ಉದ್ದಕ್ಕೆ ಪ್ರತಿ ತಿಂಗಳೂ ಬಳಿದರೆ ಪದರದ ಮೇಲೆ ಪದರ ಸೇರಿ ಕೂದಲು ಸೆಟೆದು ನಿಲ್ಲುತ್ತದೆ. ತೂತುಬಿದ್ದ ತುದಿ ನೀಲಿಯನ್ನೂ ಅತಿಯಾಗಿ ಹೀರಿ ಜೀವವಿಲ್ಲದ ಕಪ್ಪಾಗುತ್ತದೆ. ಇಲ್ಲಿಯೂ ಬುಡಕ್ಕಷ್ಟೇ ಎಂಬ ನಿಯಮ ಬದಲಾಗುವುದಿಲ್ಲ.

ಡೈಯೇ ಬೇಕೆನ್ನುವವರಿಗೆ

ಅರ್ಧ ದಿನ ಬಿಡುವಿಲ್ಲದವರು ಡೆಮಿ ಪರ್ಮನೆಂಟ್ ಆರಿಸಿಕೊಳ್ಳಲಿ. ಹಿಂದಿನ ದಿನ ತಲೆ ತೊಳೆದು, ಅಂದು ತೊಳೆಯದೆ ಹಚ್ಚಿದರೆ ಚರ್ಮದ ಸಹಜ ಜಿಡ್ಡು ಉರಿಯನ್ನು ತಗ್ಗಿಸುತ್ತದೆ. ಹಣೆಯ ಅಂಚು, ಕಿವಿಗೆ ವ್ಯಾಸಲೀನ್; ಹಳೆಯ ಬಣ್ಣದ ಉದ್ದಕ್ಕೆ ತೆಂಗಿನೆಣ್ಣೆ ಅಥವಾ ಕಂಡೀಷನರ್. ಲೋಹದ ಬಟ್ಟಲು, ಚಮಚ ಬಳಸಬಾರದು. ಹೊಸ ಬೆಳವಣಿಗೆ ಎಲ್ಲಿ ಮುಗಿಯುತ್ತದೋ ಅಲ್ಲಿಗೆ ಬ್ರಷ್ ನಿಲ್ಲಬೇಕು. ಪೊಟ್ಟಣ ಹೇಳಿದ ಸಮಯ ಮೀರಿ ಬಿಟ್ಟರೆ ಬಣ್ಣ ಹೆಚ್ಚುವುದಿಲ್ಲ, ಹಾನಿ ಹೆಚ್ಚುತ್ತದೆ. ಪಾರ್ಲರ್‌ಗಳಲ್ಲಿ ಕೊನೆಯ ಐದು ನಿಮಿಷ ಬುಡದ ಬಣ್ಣವನ್ನು ತುದಿಯವರೆಗೆ ಎಳೆಯುವ ರೂಢಿಯಿದೆ. ಅದು ಬೇಡವೆಂದು ಕುರ್ಚಿಯಲ್ಲಿ ಕೂರುವ ಮೊದಲೇ ಹೇಳಿ. ಮಾಸಿದ ತುದಿಗೆ ಬಣ್ಣದ ಕಂಡೀಷನರ್ ಅಥವಾ ಸೆಮಿ ಪರ್ಮನೆಂಟ್ ಹಚ್ಚಿದರೆ ಎರಡರ ಛಾಯೆ ಹೊಂದುತ್ತದೆ. ಉಳಿದ ಮಿಶ್ರಣವನ್ನು ಮುಚ್ಚಳ ಬಿಗಿದು ಇಡಬಾರದು, ಒಳಗೆ ಅನಿಲ ತುಂಬಿ ಸೀಸೆ ಉಬ್ಬಿ ಒಡೆಯಬಹುದು. ಹುಬ್ಬಿಗೆ, ರೆಪ್ಪೆಗೆ, ಎಷ್ಟೇ ಕಡಿಮೆ ಪ್ರಮಾಣದಲ್ಲೂ ಹಚ್ಚಬಾರದು, ಕಣ್ಣಿಗೆ ಅಪಾಯವಿದೆ.

ಬಣ್ಣದ ಆಮೇಲೆ

ಎರಡು ಮೂರು ದಿನ ಬಿಟ್ಟು ಮೊದಲ ಶಾಂಪೂ. ಶಾಂಪೂವನ್ನು ಮಗ್‌ನಲ್ಲಿ ನೀರಿಗೆ ಕದಡಿ ತಲೆಯ ಚರ್ಮಕ್ಕೆ ಹಚ್ಚಿ. ಇಳಿಯುವ ನೊರೆಯೇ ಉದ್ದಕ್ಕೆ ಸಾಕು. ವಾರಕ್ಕೆ ಎರಡು ಸಲಕ್ಕಿಂತ ಹೆಚ್ಚು ಬೇಡ. ಸೀಗೆಕಾಯಿ ಬಿಡಲಾಗದವರು ಪುಡಿಯನ್ನು ನೇರವಾಗಿ ತಿಕ್ಕದೆ ಕುದಿಸಿ ಸೋಸಿದ ನೀರನ್ನು ಬಳಸಿ. ಎಣ್ಣೆ ಸ್ನಾನಕ್ಕೆ ಕಡಲೆಹಿಟ್ಟು ಹಾಕಿ ಉಜ್ಜುವ ಅಭ್ಯಾಸವೂ ಒರಟು ಕೂದಲಿಗೆ ಆಗದು. ಟವೆಲ್‌ನಿಂದ ತಿಕ್ಕದೆ ಹಳೆಯ ಹತ್ತಿ ಪಂಚೆಯಲ್ಲಿ ಒತ್ತಿ, ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯಿಂದ ಮೇಲಕ್ಕೆ ಸಿಕ್ಕು ಬಿಡಿಸುತ್ತ ಹೋಗಿ. ಒದ್ದೆ ಕೂದಲಿಗೆ ಸ್ಟ್ರೇಟ್ನರ್ ತಾಗಿದರೆ ಎಳೆಯೊಳಗಿನ ನೀರು ಕುದಿದು ಗುಳ್ಳೆಗಳಾಗಿ ಅಲ್ಲೇ ಮುರಿಯುತ್ತದೆ. ಪೂರ್ತಿ ಒಣಗಿದ ಕೂದಲಿಗೂ ಉಪಕರಣದ ಅತಿ ಕಡಿಮೆ ಶಾಖವೇ ಇರಲಿ.

ಎಲ್ಲಕ್ಕಿಂತ ಉದಾಸೀನಕ್ಕೆ ಒಳಗಾಗುವುದು ನೀರು. ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವೇ ಇಲ್ಲದಿದ್ದರೆ 600ರವರೆಗೆ ಆದೀತು ಎನ್ನುತ್ತದೆ ಭಾರತೀಯ ಮಾನಕ. ಗೀಸರ್, ನಲ್ಲಿಗಳಲ್ಲಿ ಬಿಳಿ ಸುಣ್ಣ ಕಟ್ಟುವ ಮನೆಯಲ್ಲಿ ಅದೇ ಕ್ಯಾಲ್ಸಿಯಂ ಕೂದಲಿಗೂ ಹತ್ತುತ್ತಿರುತ್ತದೆ, ಮತ್ತು ಹಾಳಾದ ಕೂದಲು ಅದನ್ನು ಹೆಚ್ಚು ಹಿಡಿಯುತ್ತದೆ. ಪೂರ್ತಿ ಸ್ನಾನಕ್ಕಲ್ಲದಿದ್ದರೂ ಕೊನೆಯ ಎರಡು ಮಗ್‌ಗಳಿಗೆ ಮಳೆನೀರು, ಶುದ್ಧೀಕರಿಸಿದ ನೀರು, ಬೆಂಗಳೂರಿನಲ್ಲಾದರೆ ಕಾವೇರಿ ನೀರು ಎತ್ತಿಡಿ. ಆರ್‌ಒ ಯಂತ್ರದಿಂದ ಹೊರಹೋಗುವ ನೀರನ್ನು ಉಳಿತಾಯವೆಂದು ತಲೆಗೆ ಬಳಸಬಾರದು, ಲವಣವೆಲ್ಲ ಅದರಲ್ಲೇ ಇರುತ್ತದೆ. ತಿಂಗಳಿಗೊಮ್ಮೆ ಇಡಿಟಿಎ ಇರುವ ಕ್ಲ್ಯಾರಿಫೈಯಿಂಗ್ ಶಾಂಪೂ ಬಳಸಿದರೆ ಕಟ್ಟಿದ ಸುಣ್ಣ ಬಿಡುತ್ತದೆ. ಅದರಿಂದ ಬಣ್ಣವೂ ತುಸು ಬಿಡುವುದರಿಂದ ಮುಂದಿನ ಬಣ್ಣದ ಹಿಂದಿನ ವಾರ ಅದಕ್ಕೆ ಸರಿಯಾದ ಸಮಯ.

ಯಾರು ಹಚ್ಚಬಾರದು, ಯಾವಾಗ ನಿಲ್ಲಿಸಬೇಕು

ತಲೆಯಲ್ಲಿ ಗಾಯ, ಕಜ್ಜಿ, ಸುಡುವ ತುರಿಕೆ ಇದ್ದಾಗ ಯಾವ ಬಣ್ಣವೂ ಬೇಡ. ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವವರಿಗೆ ಶುದ್ಧ ಗೋರಂಟಿಯೂ ರಕ್ತಕಣ ಒಡೆಯುವ ತೊಂದರೆ ತರಬಲ್ಲದು, ಅದರಲ್ಲೂ ಮಕ್ಕಳಿಗೆ. ಬಸುರಿಯರಿಗೆ ಮೊದಲ ಮೂರು ತಿಂಗಳು ಕಾಯುವಂತೆ ವೈದ್ಯರು ಸಾಮಾನ್ಯವಾಗಿ ಹೇಳುತ್ತಾರೆ. ಯುರೋಪಿನಲ್ಲಿ ಕಾಯಂ ಡೈ ಪೊಟ್ಟಣದ ಮೇಲೆ 16 ವರ್ಷದೊಳಗಿನವರಿಗೆ ಇದು ಅಲ್ಲ ಎಂದು ಮುದ್ರಿಸುವುದು ಕಡ್ಡಾಯ. ನಮ್ಮಲ್ಲಿ ಕಾಲೇಜು ಸೇರುವ ಮುನ್ನವೇ ಬ್ಲೀಚ್ ಮಾಡಿಸುವ ಮಕ್ಕಳ ತಂದೆತಾಯಿ ಇದನ್ನು ಗಮನಿಸಬಹುದು. ಹಚ್ಚಿದ ಮೇಲೆ ಉರಿ ಹೆಚ್ಚಿದರೆ ಸಮಯ ಮುಗಿಯುವವರೆಗೆ ತಾಳಿಕೊಳ್ಳದೆ ಆಗಲೇ ತೊಳೆಯಿರಿ. ಮುಖ, ರೆಪ್ಪೆ ಊದಿಕೊಂಡರೆ, ಉಸಿರಿಗೆ ತೊಡಕಾದರೆ ನೇರ ಆಸ್ಪತ್ರೆಗೆ ಹೋಗಬೇಕು, ಪೊಟ್ಟಣವನ್ನೂ ಜೊತೆಗೆ ಒಯ್ಯಬೇಕು.

ಬಣ್ಣವನ್ನೇ ಬಿಡುವ ಯೋಚನೆ ಇದ್ದರೆ

ಬುಡ ಬಿಳಿ, ಉದ್ದ ಕಪ್ಪು ಎಂಬ ಗೆರೆ ಎದ್ದು ಕಾಣುವುದಕ್ಕೆ ಅಂಜಿ ಹಲವರು ಬೇಸತ್ತರೂ ಡೈ ಮುಂದುವರಿಸುತ್ತಾರೆ. ಆ ಗೆರೆಯನ್ನು ಮಸುಕಾಗಿಸಲು ಕಪ್ಪಿನಿಂದ ಕಂದಿಗೆ, ಕಾಯಂ ಡೈಯಿಂದ ಸೆಮಿ ಪರ್ಮನೆಂಟ್‌ಗೆ ಇಳಿಯುತ್ತ ಬನ್ನಿ. ಗೋರಂಟಿಯವರು ನೀಲಿಯ ಪಾಲನ್ನು ಕಡಿಮೆ ಮಾಡುತ್ತ ಹೋಗಬಹುದು. ಎರಡು ತಿಂಗಳಿಗೊಮ್ಮೆ ಮೂರು ಸೆಂಟಿಮೀಟರ್ ಕತ್ತರಿಸಿದರೆ ಗಲ್ಲದವರೆಗಿನ ಕೂದಲಿನಲ್ಲಿ ಹಳೆಯ ಬಣ್ಣ ಸುಮಾರು ಒಂದೂವರೆ ವರ್ಷದಲ್ಲಿ ಮುಗಿಯುತ್ತದೆ, ಬೆಳೆದಷ್ಟನ್ನು ಮಾತ್ರ ಕತ್ತರಿಸಿ ಭುಜ ದಾಟಿದ ಉದ್ದವನ್ನೇ ಉಳಿಸಿಕೊಳ್ಳುವವರಿಗೆ ಎರಡೂವರೆ ವರ್ಷಕ್ಕೂ ಹೆಚ್ಚು ಹಿಡಿಯಬಹುದು. ಹೊಸದಾಗಿ ಬಂದ ಬಿಳಿಗೂದಲು ಬಿಸಿಲಿಗೆ ಮತ್ತು ಗಡಸು ನೀರಿಗೆ ಹಳದಿಯಾಗುವುದುಂಟು. ಅದಕ್ಕೆ ನೇರಳೆ ಬಣ್ಣದ ಶಾಂಪೂವನ್ನು ತಿಂಗಳಿಗೆ ಎರಡು ಸಲ, ಎರಡೇ ನಿಮಿಷ ಇಟ್ಟು ತೊಳೆದರೆ ಸಾಕು.